ನಜ್ಜಾಶಿಯ ನ್ಯಾಯ ಮತ್ತು ಇಂದಿನ ನಿರಾಶ್ರಿತರು

ಇಸ್ಲಾಮಿನ ಇತಿಹಾಸದಲ್ಲಿ ವಿಶ್ವಾಸದ ಕಾರಣಕ್ಕಾಗಿ ಹುಟ್ಟೂರು ತೊರೆದು ಕಡಲು ದಾಟಿದ ಪ್ರಥಮ ಗುಂಪಿಗೆ ಬಾಗಿಲು ತೆರೆದವನು ಓರ್ವ ಕ್ರೈಸ್ತ ದೊರೆ. ಈ ಸಂಗತಿ ನಮ್ಮ ಮದ್ರಸಾಗಳ ಚಿಕ್ಕ ಮಕ್ಕಳಿಗೂ ತಿಳಿದಿದೆ. ಪರೀಕ್ಷೆಯಲ್ಲಿ ಕೇಳಿದರೆ ಹಿಜ್ರತ್ ನಡೆದ ವರ್ಷವನ್ನೂ ದೊರೆಯ ಹೆಸರನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆ ಘಟನೆಯು ನಮ್ಮ ಮೇಲೆ ಹೊರಿಸುವ ಹೊಣೆಯೇನು ಎಂಬುದನ್ನು ಹಿರಿಯರಾದ ನಾವು ಎಷ್ಟು ಮಂದಿ ಯೋಚಿಸಿದ್ದೇವೆ?

ಜಗತ್ತಿನಾದ್ಯಂತ ಕೋಟ್ಯಂತರ ಜನರು ಯುದ್ಧ ಮತ್ತು ದಬ್ಬಾಳಿಕೆಯಿಂದ ಮನೆಮಠ ಕಳೆದುಕೊಂಡಿರುವ ಕಾಲವಿದು. ಅವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಸಿರಿಯಾ, ಅಫ್ಘಾನಿಸ್ತಾನ, ಸುಡಾನ್, ಮ್ಯಾನ್ಮಾರ್‌ಗಳಿಂದ ಹೊರಟವರಲ್ಲಿ ಅನೇಕರು ಕ್ರೈಸ್ತ ಬಹುಸಂಖ್ಯಾತ ದೇಶಗಳ ಗಡಿಯಲ್ಲಿ ನಿಂತಿದ್ದಾರೆ. ಅಲ್ಲಿ ಚರ್ಚುಗಳು ಏನು ಹೇಳುತ್ತಿವೆ, ಏನು ಮಾಡುತ್ತಿವೆ ಎಂಬುದು ಆದ್ದರಿಂದ ನಮಗೆ ಪರರ ಮನೆಯ ವಿಚಾರವಲ್ಲ. ಕ್ರೈಸ್ತ ಚಿಂತನೆಯಲ್ಲಿ ನಿರಾಶ್ರಿತರ ಕುರಿತಾದ ಅತ್ಯುತ್ತಮ ನಿಲುವು ಕರುಣೆ ಮತ್ತು ನ್ಯಾಯ ಎರಡನ್ನೂ ಜೊತೆಯಾಗಿ ಹಿಡಿಯುತ್ತದೆ. ಅದನ್ನು ಗುರುತಿಸಿ ಗೌರವಿಸುವುದು ನಮ್ಮ ಕರ್ತವ್ಯ. ಅದೇ ಅಳತೆಗೋಲಿನಿಂದ ನಮ್ಮನ್ನು ನಾವೇ ಅಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ಕರ್ತವ್ಯ.

ಮೊದಲು ಅಬಿಸೀನಿಯಾದ ಘಟನೆಯನ್ನು ಗಮನವಿಟ್ಟು ನೋಡೋಣ. ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆ ಸಹಿಸಲಸಾಧ್ಯವಾದಾಗ ಪ್ರವಾದಿವರ್ಯರು(ಸ) ತಮ್ಮ ಅನುಯಾಯಿಗಳಿಗೆ ಅಬಿಸೀನಿಯಾಕ್ಕೆ ಹೋಗಲು ಸೂಚಿಸಿದರು. ಅಲ್ಲಿನ ದೊರೆಯ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದೇ ಅವರು ನೀಡಿದ ಕಾರಣ. ಆ ದೊರೆಯ ಧರ್ಮವನ್ನಲ್ಲ, ಆತನ ನ್ಯಾಯಪರತೆಯನ್ನು ಅವರು ಮುಂದಿಟ್ಟರೆಂಬುದನ್ನು ಗಮನಿಸಬೇಕು. ಮೊದಲ ತಂಡದಲ್ಲಿ ಉಸ್ಮಾನ್(ರ) ಮತ್ತು ಪ್ರವಾದಿಪುತ್ರಿ ರುಕಯ್ಯಾ(ರ) ಇದ್ದರು. ನಂತರ ಹೋದ ದೊಡ್ಡ ತಂಡದಲ್ಲಿ ಜಅ್‌ಫರ್ ಬಿನ್ ಅಬೂ ತಾಲಿಬ್(ರ) ಇದ್ದರು. ಕುರೈಶರು ಸುಮ್ಮನಿರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೂ ರಬೀಆ ಎಂಬ ಇಬ್ಬರು ಚತುರರನ್ನು ಬೆಲೆಬಾಳುವ ಉಡುಗೊರೆಗಳೊಂದಿಗೆ ಕಳುಹಿಸಿದರು. ಅವರು ಮೊದಲು ಆಸ್ಥಾನದ ಪ್ರಮುಖರಿಗೆ ಕಾಣಿಕೆ ಸಲ್ಲಿಸಿ, ಈ ಓಡಿಬಂದವರನ್ನು ವಿಚಾರಣೆಯಿಲ್ಲದೆ ತಮಗೆ ಒಪ್ಪಿಸುವಂತೆ ದೊರೆಗೆ ಸಲಹೆ ನೀಡಬೇಕೆಂದು ಕೇಳಿಕೊಂಡರು. ಪ್ರಮುಖರು ಒಪ್ಪಿದರು.

ಆದರೆ ನಜ್ಜಾಶಿ ಒಪ್ಪಲಿಲ್ಲ. ತನ್ನ ನೆರೆಯನ್ನು ಆರಿಸಿ ಬಂದವರನ್ನು ಅವರ ಮಾತು ಕೇಳದೆ ಯಾರ ಕೈಗೂ ಕೊಡಲಾರೆನೆಂದು ಹೇಳಿ, ಮುಸ್ಲಿಮರನ್ನು ಸಭೆಗೆ ಕರೆಸಿದನು. ಜಅ್‌ಫರ್(ರ) ತಮ್ಮವರ ಪೂರ್ವಸ್ಥಿತಿ, ಪ್ರವಾದಿವರ್ಯರ ಬೋಧನೆ, ಮಕ್ಕಾದ ಹಿಂಸೆ ಇವೆಲ್ಲವನ್ನೂ ವಿವರಿಸಿ ಸೂರಃ ಮರ್ಯಮ್‌ನ ಆರಂಭದ ಸೂಕ್ತಗಳನ್ನು ಓದಿದರು. ದೊರೆಯೂ ಅವನ ಧರ್ಮಗುರುಗಳೂ ಕಣ್ಣೀರು ಹಾಕಿದರು. ಮರುದಿನ ಅಮ್ರ್ ಇನ್ನೊಂದು ಬಾಣ ಬಿಟ್ಟರು: ಇವರು ಈಸಾ(ಅ)ರ ಕುರಿತು ನಿಮ್ಮ ನಂಬಿಕೆಗೆ ವಿರುದ್ಧವಾದುದನ್ನು ಹೇಳುತ್ತಾರೆ ಎಂದರು. ಅದು ನಿಜವಾಗಿಯೂ ಅಪಾಯದ ಗಳಿಗೆ. ಜಅ್‌ಫರ್(ರ) ಸತ್ಯವನ್ನು ಮರೆಮಾಚಲಿಲ್ಲ. ಈಸಾ(ಅ) ಅಲ್ಲಾಹನ ದಾಸರೂ ಸಂದೇಶವಾಹಕರೂ ಎಂಬ ನಮ್ಮ ವಿಶ್ವಾಸವನ್ನೇ ಹೇಳಿದರು. ಆಸ್ಥಾನದಲ್ಲಿ ಗುಸುಗುಸು ಎದ್ದರೂ ದೊರೆ ಆಶ್ರಯವನ್ನು ಹಿಂತೆಗೆದುಕೊಳ್ಳಲಿಲ್ಲ. ಕುರೈಶರ ಉಡುಗೊರೆಗಳನ್ನು ಹಿಂದಿರುಗಿಸಿದನು. ಈ ವೃತ್ತಾಂತವನ್ನು ನಮಗೆ ತಲುಪಿಸಿದವರು ಸ್ವತಃ ಆ ನಿರಾಶ್ರಿತರಲ್ಲಿ ಒಬ್ಬರಾಗಿದ್ದ ಉಮ್ಮು ಸಲಮಾ(ರ).

ನಜ್ಜಾಶಿ ಮುಂದೆ ಸತ್ಯವಿಶ್ವಾಸ ಸ್ವೀಕರಿಸಿದನೆಂದು ನಮ್ಮ ವಿದ್ವಾಂಸರು ಹೇಳುತ್ತಾರೆ. ಆದರೆ ಓಡಿಬಂದವರನ್ನು ಮೊದಲ ಬಾರಿ ಎದುರಿಗೆ ನಿಲ್ಲಿಸಿಕೊಂಡು ಕೇಳಿದ ದಿನ ಆತ ಕ್ರೈಸ್ತನೇ ಆಗಿದ್ದನು. ಆ ದಿನದ ನಡತೆಯಲ್ಲಿ ಮೂರು ಅಂಶಗಳಿವೆ. ಒಂದು, ಶಕ್ತಿವಂತರ ದೂರನ್ನು ನಂಬಿ ದುರ್ಬಲರನ್ನು ಹಿಂದಕ್ಕೆ ಅಟ್ಟಲಿಲ್ಲ. ಎರಡು, ಕೇವಲ ಮರುಕದಿಂದ ತೀರ್ಪು ನೀಡದೆ ಎರಡೂ ಪಕ್ಷಗಳನ್ನು ವಿಚಾರಿಸಿದನು. ಮೂರು, ಆಶ್ರಯ ಕೇಳುವವರ ವಿಶ್ವಾಸ ತನ್ನ ಪ್ರಜೆಗಳ ವಿಶ್ವಾಸಕ್ಕಿಂತ ಭಿನ್ನವಾಗಿದೆ ಎಂಬುದನ್ನು ಹೊರದಬ್ಬುವ ಕಾರಣವಾಗಿಸಲಿಲ್ಲ. ಮೊದಲನೆಯದು ಕರುಣೆ, ಉಳಿದೆರಡು ನ್ಯಾಯ. ಕರುಣೆಯಿಲ್ಲದ ನ್ಯಾಯ ಕಡತಗಳ ನಡುವೆ ಒಣಗಿಹೋಗುತ್ತದೆ. ನ್ಯಾಯವಿಲ್ಲದ ಕರುಣೆ ತನ್ನವರನ್ನು ಮಾತ್ರ ಅಪ್ಪಿಕೊಳ್ಳುತ್ತದೆ.

ಇಂತಹ ನಡತೆಗೆ ಕ್ರೈಸ್ತರ ಧರ್ಮಗ್ರಂಥದಲ್ಲಿ ಆಳವಾದ ಬೇರುಗಳಿವೆ. ಬನೀ ಇಸ್ರಾಈಲರು ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದುದನ್ನು ನೆನಪಿಸಿ, ತಮ್ಮ ನಡುವೆ ನೆಲೆಸಿದ ಪರದೇಶಿಯನ್ನು ಪೀಡಿಸಬಾರದು, ಸ್ವದೇಶಿಯಂತೆಯೇ ಕಾಣಬೇಕು ಎಂಬ ಆಜ್ಞೆ ತೌರಾತಿನ ಭಾಗಗಳೆಂದು ಅವರು ಓದುವ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮತ್ತಾಯನ ಸುವಾರ್ತೆಯ ಪ್ರಕಾರ ಶಿಶು ಯೇಸುವನ್ನು ದೊರೆ ಹೆರೋದನ ಕೈಯಿಂದ ಉಳಿಸಲು ಕುಟುಂಬವು ರಾತ್ರೋರಾತ್ರಿ ಈಜಿಪ್ಟಿಗೆ ಓಡಿತು. ಅಂತಿಮ ವಿಚಾರಣೆಯ ದಿನ ಪರದೇಶಿಯನ್ನು ಬರಮಾಡಿಕೊಂಡಿರಾ ಎಂಬುದು ಕೇಳಲಾಗುವ ವಿಷಯಗಳಲ್ಲಿ ಒಂದೆಂದು ಅದೇ ಸುವಾರ್ತೆ ಕಲಿಸುತ್ತದೆ. ಯೇಸು ಹೇಳಿದ ಸಮಾರ್ಯದವನ ದೃಷ್ಟಾಂತದಲ್ಲಿ ದಾರಿಯಲ್ಲಿ ಬಿದ್ದ ಗಾಯಾಳುವನ್ನು ಎತ್ತಿದವನು ಸ್ವಜನನಲ್ಲ, ಕೇಳುಗರು ಹಗೆಯೆಂದು ಎಣಿಸುತ್ತಿದ್ದ ಜನಾಂಗದವನು.

ಈಸಾ(ಅ)ರ ವ್ಯಕ್ತಿತ್ವದ ಕುರಿತು ನಮ್ಮ ಮತ್ತು ಕ್ರೈಸ್ತರ ನಡುವಿನ ಭಿನ್ನತೆ ಮೂಲಭೂತವಾದುದು; ಜಅ್‌ಫರ್(ರ) ಅದನ್ನು ಮರೆಮಾಚದಂತೆಯೇ ನಾವೂ ಮರೆಮಾಚಬೇಕಿಲ್ಲ. ಆದರೆ ಆಶ್ರಯದ ವಿಚಾರದಲ್ಲಿ ನಾವು ಒಂದೇ ನೆಲದಲ್ಲಿ ನಿಂತಿದ್ದೇವೆ. ಮೂಸಾ(ಅ) ಫಿರ್‌ಔನನ ನಾಡಿನಿಂದ ತಪ್ಪಿಸಿಕೊಂಡು ಮದ್‌ಯನ್ ತಲುಪಿದ ಕಥೆ ನಮ್ಮಲ್ಲಿಯೂ ಇದೆ, ಅವರಲ್ಲಿಯೂ ಇದೆ. ಸೂರಃ ಅಲ್ ಕಸಸ್‌ನಲ್ಲಿ ಅಲ್ಲಿನ ವೃದ್ಧರು ಮೊದಲು ಮೂಸಾ(ಅ)ರ ವೃತ್ತಾಂತವನ್ನು ಕೇಳುತ್ತಾರೆ, ನಂತರ ಅಭಯ ನೀಡುತ್ತಾರೆ, ಆಮೇಲೆ ದುಡಿಮೆಯ ಒಪ್ಪಂದ ಮಾಡಿಕೊಳ್ಳುತ್ತಾರೆ. ಕೇಳುವುದು, ರಕ್ಷಿಸುವುದು, ದುಡಿದು ಬದುಕಲು ಅವಕಾಶ ನೀಡುವುದು: ಒಂದು ಉತ್ತಮ ನಿರಾಶ್ರಿತ ನೀತಿಯ ಮೂರು ಮೆಟ್ಟಿಲುಗಳೂ ಅಲ್ಲಿವೆ.

ಇಂದಿನ ಕ್ರೈಸ್ತ ಲೋಕದಲ್ಲಿ ಈ ಬೇರುಗಳು ಹೇಗೆ ಚಿಗುರಿವೆ? ಪೋಪ್ ಫ್ರಾನ್ಸಿಸ್ 2013ರ ಮಾರ್ಚ್‌ನಲ್ಲಿ ಆಯ್ಕೆಯಾದ ಮೇಲೆ ರೋಮಿನ ಹೊರಗೆ ಕೈಗೊಂಡ ಪ್ರಥಮ ಪ್ರವಾಸವೇ ಲ್ಯಾಂಪೆಡೂಸಾ ದ್ವೀಪಕ್ಕೆ. ಆಫ್ರಿಕಾದ ಕರಾವಳಿಯಿಂದ ಹೊರಟ ದೋಣಿಗಳು ಬಂದು ಸೇರುವ ಇಟಲಿಯ ಆ ಸಣ್ಣ ದ್ವೀಪದಲ್ಲಿ, ಕಡಲಲ್ಲಿ ಮುಳುಗಿ ಸತ್ತವರಿಗಾಗಿ ಅವರು ಜುಲೈ 8ರಂದು ಪ್ರಾರ್ಥಿಸಿದರು. ಅದೇ ವರ್ಷ ಅಕ್ಟೋಬರ್ 3ರಂದು ಆ ದ್ವೀಪದ ಬಳಿಯೇ ಒಂದು ದೋಣಿ ಮುಳುಗಿ 360ಕ್ಕೂ ಹೆಚ್ಚು ಮಂದಿ ಸತ್ತರು. 2016ರ ಏಪ್ರಿಲ್ 16ರಂದು ಪೋಪ್ ಗ್ರೀಸಿನ ಲೆಸ್ಬೋಸ್ ದ್ವೀಪದ ಶಿಬಿರಕ್ಕೆ ಭೇಟಿ ನೀಡಿ, ಹಿಂದಿರುಗುವಾಗ ತಮ್ಮ ವಿಮಾನದಲ್ಲಿ ಸಿರಿಯಾದ ಮೂರು ಕುಟುಂಬಗಳ 12 ಮಂದಿಯನ್ನು ಕರೆದೊಯ್ದರು. ಹನ್ನೆರಡು ಮಂದಿಯೂ ಮುಸ್ಲಿಮರು. ಕ್ರೈಸ್ತರನ್ನೇಕೆ ಆರಿಸಲಿಲ್ಲ ಎಂಬ ಪ್ರಶ್ನೆ ಪತ್ರಕರ್ತರಿಂದ ಬಂದಾಗ, ತಾವು ಧರ್ಮ ನೋಡಿ ಆಯ್ಕೆ ಮಾಡಿಲ್ಲ, ಈ ಕುಟುಂಬಗಳ ದಾಖಲೆಗಳು ಕ್ರಮಬದ್ಧವಾಗಿದ್ದವು ಎಂದು ಅವರು ಉತ್ತರಿಸಿದರು. ಈ ಉತ್ತರದಲ್ಲಿ ಕರುಣೆಯೂ ಇದೆ, ನಿಯಮದ ಗೌರವವೂ ಇದೆ.

ಹನ್ನೆರಡು ಮಂದಿಯನ್ನು ಕರೆತಂದದ್ದು ಒಂದು ಸಂಕೇತವಷ್ಟೇ ಎನ್ನುವವರಿಗೆ ಇನ್ನೊಂದು ಪ್ರಯತ್ನವನ್ನು ತೋರಿಸಬೇಕು. 2015ರ ಡಿಸೆಂಬರ್‌ನಲ್ಲಿ ಕ್ಯಾಥೊಲಿಕರ ಸಂತ ಎಜಿದಿಯೊ ಸಮುದಾಯ, ಇಟಲಿಯ ಪ್ರೊಟೆಸ್ಟಂಟ್ ಚರ್ಚುಗಳ ಒಕ್ಕೂಟ ಮತ್ತು ವಾಲ್ಡೆನ್ಸಿಯನ್ ಚರ್ಚು ಒಟ್ಟಾಗಿ ಇಟಲಿ ಸರಕಾರದೊಂದಿಗೆ ಒಂದು ಒಪ್ಪಂದ ಮಾಡಿಕೊಂಡವು. ಮಾನವೀಯ ಹಾದಿಗಳು ಎಂದು ಅದಕ್ಕೆ ಹೆಸರು. ಮೊದಲ ಗುರಿ 1,000 ಮಂದಿ. ಕಾರ್ಯಕರ್ತರು ಲೆಬನಾನಿನ ಶಿಬಿರಗಳಿಗೆ ಹೋಗಿ, ರೋಗಿಗಳು, ಚಿಕ್ಕ ಮಕ್ಕಳಿರುವ ಒಂಟಿ ತಾಯಂದಿರು, ಅಂಗವಿಕಲರು ಮುಂತಾದ ಅತ್ಯಂತ ದುರ್ಬಲರನ್ನು ಗುರುತಿಸುತ್ತಾರೆ. ಆಯ್ಕೆಗೆ ಧರ್ಮವು ಆಧಾರವಲ್ಲ. ಸರಕಾರವು ಅವರ ಹಿನ್ನೆಲೆಯನ್ನು ಪರಿಶೀಲಿಸಿ ವೀಸಾ ನೀಡುತ್ತದೆ. ಬಳಿಕ ಅವರು ಕಳ್ಳಸಾಗಣೆದಾರರ ದೋಣಿಯಲ್ಲಲ್ಲ, ಸಾಮಾನ್ಯ ವಿಮಾನದಲ್ಲಿ ರೋಮಿಗೆ ಬಂದಿಳಿಯುತ್ತಾರೆ. ಅವರ ವಸತಿ, ಭಾಷಾ ಕಲಿಕೆ, ಮಕ್ಕಳ ಶಾಲೆ ಇವುಗಳ ವೆಚ್ಚವನ್ನು ಚರ್ಚುಗಳು ಭರಿಸುತ್ತವೆ. 2017ರ ಜನವರಿಯಲ್ಲಿ ಇಟಲಿಯ ಬಿಷಪರ ಮಂಡಳಿಯೂ ಸೇರಿ, ಇಥಿಯೋಪಿಯಾದಲ್ಲಿದ್ದ ಎರಿಟ್ರಿಯಾ, ಸೊಮಾಲಿಯಾ ಮತ್ತು ದಕ್ಷಿಣ ಸುಡಾನಿನ 500 ನಿರಾಶ್ರಿತರಿಗಾಗಿ ಮತ್ತೊಂದು ಒಪ್ಪಂದವಾಯಿತು. ನಜ್ಜಾಶಿ ಆಳಿದ ನೆಲದಿಂದಲೇ ಈ ಹಾದಿಯೂ ಹೊರಟಿತೆಂಬುದು ನಮ್ಮ ಮನಸ್ಸನ್ನು ತಟ್ಟಬೇಕಾದ ಸಂಗತಿ.

ಕರುಣೆಯೆಂದರೆ ಗಡಿಯೇ ಬೇಡವೆನ್ನುವುದಲ್ಲ. ಕ್ಯಾಥೊಲಿಕ್ ಚರ್ಚಿನ ಅಧಿಕೃತ ಬೋಧನೆಯ ಪ್ರಕಾರ ಸಂಪನ್ನ ರಾಷ್ಟ್ರಗಳು ತಮ್ಮ ಶಕ್ತಿಯಿರುವಷ್ಟು ಮಟ್ಟಿಗೆ ಪರದೇಶಿಗಳನ್ನು ಸ್ವೀಕರಿಸಲು ಬದ್ಧವಾಗಿವೆ. ಸರ್ವರ ಹಿತಕ್ಕಾಗಿ ಸರಕಾರಗಳು ಷರತ್ತುಗಳನ್ನು ವಿಧಿಸಬಹುದು. ಬಂದವರು ಆಶ್ರಯ ನೀಡಿದ ನಾಡಿನ ಕಾನೂನನ್ನು ಪಾಲಿಸಿ ಅದರ ಹೊರೆಯಲ್ಲಿ ಪಾಲುಗೊಳ್ಳಬೇಕು. ನಮ್ಮ ಪರಂಪರೆಯಲ್ಲಿಯೂ ಇದೇ ಸಮತೋಲನವಿದೆ. ಮದೀನಾದ ಅನ್ಸಾರಿಯಾದ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯ ಅರ್ಧವನ್ನೇ ಕೊಡಲು ಮುಂದಾದಾಗ, ಮುಹಾಜಿರ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ದುಆ ಮಾಡಿ, ಮಾರುಕಟ್ಟೆಯ ದಾರಿ ಯಾವುದೆಂದು ಮಾತ್ರ ಕೇಳಿದರು. ಕೊಡುವವರ ಔದಾರ್ಯಕ್ಕೆ ಪಡೆಯುವವರ ಸ್ವಾಭಿಮಾನ ಹೀಗೆ ಜೊತೆಯಾಯಿತು. ಜಅ್‌ಫರ್(ರ) ಸುಮಾರು 13 ವರ್ಷ, ಹಿಜರಿ 7ರ ತನಕ, ಅಬಿಸೀನಿಯಾದಲ್ಲಿ ಆ ನಾಡಿಗೆ ಕೇಡು ಬಯಸದೆ ಬಾಳಿದರು.

ಎಲ್ಲ ಕ್ರೈಸ್ತರೂ ಹೀಗೆಯೇ ಯೋಚಿಸುತ್ತಾರೆಂದು ಹೇಳಿದರೆ ಅದು ಸತ್ಯವಾಗದು. 2015ರಲ್ಲಿ ಹಂಗೇರಿಯ ಪ್ರಧಾನಿ ವಿಕ್ಟರ್ ಓರ್ಬನ್, ಬರುತ್ತಿರುವವರು ಬಹುಪಾಲು ಮುಸ್ಲಿಮರು, ಇದರಿಂದ ಯುರೋಪಿನ ಕ್ರೈಸ್ತ ಅಸ್ಮಿತೆಗೆ ಅಪಾಯವಿದೆ ಎಂಬ ವಾದ ಮಂಡಿಸಿದರು. ಅದೇ ವರ್ಷ ಸ್ಲೊವಾಕಿಯಾ ಸರಕಾರವು ಸಿರಿಯಾದ ನಿರಾಶ್ರಿತರಲ್ಲಿ ಕ್ರೈಸ್ತರನ್ನು ಮಾತ್ರ ಸ್ವೀಕರಿಸುವುದಾಗಿ ಹೇಳಿತು. 2025ರ ಜನವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ, ಸ್ವತಃ ಕ್ಯಾಥೊಲಿಕರಾದ ಜೆ.ಡಿ. ವ್ಯಾನ್ಸ್, ಪ್ರೀತಿಗೆ ಒಂದು ಕ್ರಮವಿದೆ, ಮೊದಲು ಕುಟುಂಬ, ಬಳಿಕ ನೆರೆಹೊರೆ, ಬಳಿಕ ದೇಶ, ಕೊನೆಗೆ ಉಳಿದ ಜಗತ್ತು ಎಂಬ ಹಳೆಯ ಕ್ರೈಸ್ತ ತತ್ವವನ್ನು ವಲಸೆ ವಿರೋಧಿ ನೀತಿಯ ಸಮರ್ಥನೆಗೆ ಬಳಸಿದರು. ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪರಿಗೆ ಪತ್ರ ಬರೆದು, ಪ್ರೀತಿಯ ನಿಜವಾದ ಕ್ರಮ ಅರಿಯಬೇಕಾದರೆ ಸಮಾರ್ಯದವನ ದೃಷ್ಟಾಂತವನ್ನು ಧ್ಯಾನಿಸಬೇಕೆಂದು ತಿಳಿಸಿದರು. ಎರಡು ತಿಂಗಳ ಬಳಿಕ, ಏಪ್ರಿಲ್ 21ರಂದು ಅವರು ನಿಧನರಾದರು.

ಈ ಚರ್ಚೆ ನಮಗೂ ಸಂಬಂಧಿಸಿದ್ದು. ಮನೆಯವರು ಮೊದಲು ಎಂಬ ಕ್ರಮ ಇಸ್ಲಾಮಿನಲ್ಲಿಯೂ ಇದೆ. ಆದರೆ ಸೂರಃ ಅನ್ನಿಸಾದಲ್ಲಿ ಒಳಿತು ಮಾಡಬೇಕಾದವರ ಪಟ್ಟಿಯು ತಂದೆ ತಾಯಿಯಿಂದ ಆರಂಭವಾಗಿ, ಬಂಧುಗಳು, ಅನಾಥರು, ಬಡವರು, ಹತ್ತಿರದ ನೆರೆಯವರು ಎಂದು ಸಾಗಿ, ಅಪರಿಚಿತ ನೆರೆಯವನನ್ನೂ ದಾರಿಹೋಕನನ್ನೂ ಒಳಗೊಳ್ಳುತ್ತದೆ. ಎಲ್ಲಿಂದ ಆರಂಭಿಸಬೇಕೆಂದು ಕ್ರಮವು ಹೇಳುತ್ತದೆ, ಎಲ್ಲಿ ನಿಲ್ಲಿಸಬಹುದೆಂದು ಹೇಳುವುದಿಲ್ಲ. ಇನ್ನೂ ಮುಂದೆ ಹೋಗಿ, ಸೂರಃ ಅತ್ತೌಬಾವು ಯುದ್ಧದ ಸಂದರ್ಭದಲ್ಲಿಯೂ ಅಭಯ ಕೇಳಿ ಬಂದ ಬಹುದೇವ ವಿಶ್ವಾಸಿಗೆ ಅಭಯ ನೀಡಿ, ಅವನನ್ನು ಸುರಕ್ಷಿತ ತಾಣಕ್ಕೆ ತಲುಪಿಸುವಂತೆ ಆದೇಶಿಸುತ್ತದೆ. ಅಪಾಯವಿರುವ ನೆಲಕ್ಕೆ ಯಾರನ್ನೂ ಹಿಂದಕ್ಕಟ್ಟಬಾರದೆಂದು 1951ರ ಜಿನೀವಾ ಒಡಂಬಡಿಕೆಯ 33ನೆಯ ವಿಧಿ ಹೇಳುವ ಮಾತಿಗೆ ಇದಕ್ಕಿಂತ ಹಿರಿಯ ಸಾಕ್ಷಿ ಬೇಕೇ?

ಈಗ ಅಳತೆಗೋಲನ್ನು ನಮ್ಮ ಕಡೆ ತಿರುಗಿಸೋಣ. ಮುಸ್ಲಿಮ್ ರಾಷ್ಟ್ರಗಳು ಏನೂ ಮಾಡುತ್ತಿಲ್ಲವೆಂಬುದು ಸುಳ್ಳು. ತುರ್ಕಿಯು 35 ಲಕ್ಷಕ್ಕೂ ಹೆಚ್ಚು ಸಿರಿಯನ್ನರಿಗೆ ಆಸರೆಯಾಗಿತ್ತು. ಮುಸ್ಲಿಮರೂ ಕ್ರೈಸ್ತರೂ ಕೂಡಿ ಆಳುವ ಪುಟ್ಟ ಲೆಬನಾನ್ 10 ಲಕ್ಷಕ್ಕೂ ಹೆಚ್ಚು ಮಂದಿಯ ಭಾರ ಹೊತ್ತಿತು. 2017ರ ಆಗಸ್ಟ್ ನಂತರ ಬಾಂಗ್ಲಾದೇಶವು 7 ಲಕ್ಷಕ್ಕೂ ಮಿಕ್ಕ ರೊಹಿಂಗ್ಯಾಗಳನ್ನು ಒಳಗೆ ಬಿಟ್ಟಿತು. ಆದರೆ 2015ರ ಮೇ ತಿಂಗಳಲ್ಲಿ ರೊಹಿಂಗ್ಯಾಗಳ ದೋಣಿಗಳನ್ನು ಸಮುದ್ರಕ್ಕೆ ಮರಳಿ ದೂಡಿದ ದೇಶಗಳಲ್ಲಿ ಮಲೇಷ್ಯಾ ಮತ್ತು ಇಂಡೋನೇಷ್ಯಾಗಳೂ ಇದ್ದವು. ಆಗ ಅವರನ್ನು ದಡಕ್ಕೆ ಕರೆತಂದವರು ಆಚೆ ಪ್ರಾಂತದ ಬಡ ಮೀನುಗಾರರು. 2023ರ ಕೊನೆಯಲ್ಲಿ ಪಾಕಿಸ್ತಾನವು ದಶಕಗಳಿಂದ ನೆಲೆಸಿದ್ದವರೂ ಸೇರಿದಂತೆ ಲಕ್ಷಾಂತರ ಅಫ್ಘನ್ನರು ಹೊರನಡೆಯುವಂತೆ ಮಾಡಿತು. ಅವರೆಲ್ಲರೂ ನಮ್ಮದೇ ಕಿಬ್ಲಾದ ಕಡೆ ಮುಖ ಮಾಡುವವರು.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. 2014ರಲ್ಲಿ ಐಸಿಸ್ ಉಗ್ರರು ಇರಾಕಿನ ಮೋಸುಲ್ ನಗರದ ಕ್ರೈಸ್ತರಿಗೆ ಗಡುವು ನೀಡಿ ಶತಮಾನಗಳ ಮನೆಗಳಿಂದ ಹೊರಗಟ್ಟಿದರು. ಯಝೀದಿಗಳ ಮೇಲೆ ಅದಕ್ಕಿಂತ ಘೋರ ದೌರ್ಜನ್ಯ ನಡೆಸಿದರು. ನಮ್ಮ ಉಲಮಾಗಳು ಅದನ್ನು ಖಂಡಿಸಿದರು, ಅದು ಇಸ್ಲಾಮ್ ಅಲ್ಲವೆಂದರು. ಅದು ಸರಿಯೇ. ಆದರೆ ನಮ್ಮ ಮನೆಗಳ ದುಆಗಳಲ್ಲಿ ಆ ಕುಟುಂಬಗಳಿಗೆ ಎಷ್ಟು ಜಾಗವಿತ್ತು? ನಮ್ಮ ಮೊಬೈಲ್ ಗುಂಪುಗಳಲ್ಲಿ ಸಿರಿಯಾದ ಮಗುವಿನ ಚಿತ್ರ ನೂರು ಬಾರಿ ಹರಿದಾಡಿದರೆ, ಮೋಸುಲಿನ ಕ್ರೈಸ್ತ ಅಜ್ಜಿಯ ಚಿತ್ರ ಎಷ್ಟು ಬಾರಿ ಬಂತು? ನಜ್ಜಾಶಿ ತನ್ನವರಲ್ಲದವರಿಗಾಗಿ ಎದ್ದು ನಿಂತನು. ಅವನ ಕಥೆಯನ್ನು ಹೆಮ್ಮೆಯಿಂದ ಹೇಳುವ ನಾವು ನಮ್ಮವರಿಗಾಗಿ ಮಾತ್ರ ಅತ್ತರೆ, ಆ ಕಥೆಯಿಂದ ಕಲಿತದ್ದಾದರೂ ಏನು?

ಭಾರತದ ಮಾತಿಗೆ ಬಂದರೆ, ನಮ್ಮ ದೇಶವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. ಹಾಗಿದ್ದರೂ ಈ ಮಣ್ಣಿಗೆ ಆಶ್ರಯ ನೀಡುವುದು ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಭೂಮಿ ನೀಡಿತು. ಮುಂದೆ ಮುಂಡಗೋಡಿನಲ್ಲಿಯೂ ಅವರ ನೆಲೆ ಬೆಳೆಯಿತು. ಕಾಡು ಕಡಿದು ಜೋಳ ಬೆಳೆದ ಆ ಜನರು ಕನ್ನಡ ಮಾತಾಡುವ ನೆರೆಹೊರೆಯವರಾದರು. ಅವರ ಧರ್ಮ ಯಾವುದೆಂದು ನೋಡಿ ಅಂದು ಭೂಮಿ ಅಳೆಯಲಿಲ್ಲ. ಆದರೆ 2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ದಾರಿ ತೆರೆದು, ಮುಸ್ಲಿಮರನ್ನು ಹೊರಗಿಟ್ಟಿತು. ಅದನ್ನು ನಾವು ವಿರೋಧಿಸಿದೆವು. ಆ ದೇಶಗಳ ಹಿಂದೂಗಳಿಗೂ ಸಿಖ್ಖರಿಗೂ ಕ್ರೈಸ್ತರಿಗೂ ಆಶ್ರಯ ದೊರೆಯಬಾರದೆಂಬುದು ನಮ್ಮ ವಾದವಲ್ಲ, ಆಗಲೂ ಬಾರದು. ಅವರ ಸಂಕಟ ನಿಜ, ಅವರ ಹಕ್ಕೂ ನಿಜ. ಸಂಕಟವನ್ನು ಧರ್ಮದ ಜರಡಿಯಲ್ಲಿ ಸೋಸಬಾರದೆಂಬುದಷ್ಟೇ ನಮ್ಮ ವಾದ. ಈ ಮಾತನ್ನು ದೆಹಲಿಗೆ ಹೇಳುವ ನಾಲಿಗೆ ಇಸ್ಲಾಮಾಬಾದಿಗೂ ಕೌಲಾಲಂಪುರಕ್ಕೂ ಅದನ್ನೇ ಹೇಳಬೇಕು. ಒಂದು ಕಡೆ ಮಾತ್ರ ಹೇಳಿದರೆ ಅದು ನ್ಯಾಯದ ವಾದವಾಗದೆ ಪಕ್ಷದ ವಾದವಾಗುತ್ತದೆ.

ಗಡಿಗಳ ಕೀಲಿಕೈ ನಮ್ಮಂತಹ ಕುಟುಂಬಗಳ ಬಳಿ ಇಲ್ಲ. ಆದರೂ ಮಾಡಬಹುದಾದ ಕೆಲಸಗಳಿವೆ. ಮಕ್ಕಳಿಗೆ ಅಬಿಸೀನಿಯಾದ ಹಿಜ್ರತ್ ಕಲಿಸುವಾಗ ಮುಹಾಜಿರರ ಸಹನೆಯ ಜೊತೆಗೆ ಆಶ್ರಯದಾತನ ನ್ಯಾಯವನ್ನೂ ಕಲಿಸೋಣ. ಅವರು ಮುಂದೆ ಯಾವ ಸ್ಥಾನದಲ್ಲಿ ಕೂರುವರೋ ಬಲ್ಲವರಾರು? ಯುರೋಪಿನ ಯಾವನೋ ರಾಜಕಾರಣಿಯ ದ್ವೇಷದ ಮಾತನ್ನು ಇಡೀ ಕ್ರೈಸ್ತ ಸಮುದಾಯದ ಮಾತೆಂದು ಹಂಚುವ ಮುನ್ನ, ಮುಸ್ಲಿಮ್ ನಿರಾಶ್ರಿತರಿಗೆ ಅನ್ನ ಬಡಿಸಿ ಭಾಷೆ ಕಲಿಸುತ್ತಿರುವ ಚರ್ಚುಗಳನ್ನು ನೆನೆಯೋಣ. ಝಕಾತಿನ ಎಂಟು ಬಾಬತ್ತುಗಳಲ್ಲಿ ಪ್ರಯಾಣದಲ್ಲಿ ನಿರ್ಗತಿಕನಾದವನಿಗೂ ಪಾಲಿದೆ ಎಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿಯೂ ಕಾಣಲಿ. ನಮ್ಮೂರಿನ ಚರ್ಚಿನ ಧರ್ಮಗುರುಗಳೊಂದಿಗೆ ಈದ್ ಮತ್ತು ಕ್ರಿಸ್ಮಸ್ ಶುಭಾಶಯಗಳಾಚೆಗೂ ಮಾತು ಬೆಳೆಯಲಿ. ನಿರ್ವಸಿತರ ವಿಚಾರದಲ್ಲಿ ಎರಡೂ ಸಮುದಾಯಗಳು ಸೇರಿ ಒಂದು ಮನವಿ ಬರೆದರೆ ಅದರ ತೂಕವೇ ಬೇರೆ.

ನಜ್ಜಾಶಿಯ ಮರಣದ ಸುದ್ದಿ ಮದೀನಾಕ್ಕೆ ತಲುಪಿದ ದಿನ ಪ್ರವಾದಿವರ್ಯರು(ಸ) ಸಹಾಬಿಗಳನ್ನು ಸಾಲಾಗಿ ನಿಲ್ಲಿಸಿ, ದೂರದ ನಾಡಿನಲ್ಲಿ ಮಡಿದ ಆತನಿಗಾಗಿ ನಾಲ್ಕು ತಕ್ಬೀರ್‌ಗಳೊಂದಿಗೆ ಜನಾಝಾ ನಮಾಝ್ ನಿರ್ವಹಿಸಿದರು. ತನ್ನ ಜನರಿಗೆ ನೆಲೆ ನೀಡಿದವನನ್ನು ಅವರು ಮರೆಯಲಿಲ್ಲ. ಆ ಋಣವನ್ನು ನಾವು ನಜ್ಜಾಶಿಗೆ ತೀರಿಸಲಾರೆವು. ಇಂದು ಬಾಗಿಲು ಬಡಿಯುತ್ತಿರುವವನಿಗೆ, ಅವನು ಯಾರೇ ಆಗಿರಲಿ, ತೀರಿಸಬಲ್ಲೆವು.

ಮನೆ ಕಳೆದುಕೊಂಡ ಎಲ್ಲರಿಗೂ ಅಲ್ಲಾಹನು ನೆಲೆಯನ್ನು ಕರುಣಿಸಲಿ. ಆಶ್ರಯ ನೀಡುವ ಕೈಗಳನ್ನು, ಅವು ಯಾವ ಸಮುದಾಯದ್ದೇ ಆಗಿರಲಿ, ಬಲಪಡಿಸಲಿ. ನಮ್ಮವರ ವಿಷಯದಲ್ಲಿಯೂ ಅನ್ಯರ ವಿಷಯದಲ್ಲಿಯೂ ಒಂದೇ ತಕ್ಕಡಿಯಲ್ಲಿ ತೂಗುವ ಮನಸ್ಸನ್ನು ನಮಗೆ ದಯಪಾಲಿಸಲಿ. ಆಮೀನ್.